ಒಂದು ಗಂಟೆಯ ಕೀಲಿ, ಒಂದು ಜೊತೆ ಕುದುರೆಹಲ್ಲು

ಕಟ್ಟಿಸುವ ಹಲ್ಲು ತಯಾರಿಸುವ ಆ ಕಾರ್ಖಾನೆಯಲ್ಲಿ ಕಂಪ್ಯೂಟರಿಗೆ ಕೋಡು ಬರೆಯುವವಳು ಅವಳೊಬ್ಬಳೇ. ಹಾಗಾಗಿ ಎಲ್ಲರೂ ಅವಳನ್ನು ಕೋಡಮ್ಮ ಎಂದು ಕರೆಯುತ್ತಿದ್ದರು. ತಲೆಯ ಮೇಲೆ ಕೋಡು ಮೂಡಿದವಳಂತೆ ಅವಳೇನೂ ಮೆರೆದವಳಲ್ಲ. ತಾನಾಯಿತು, ತನ್ನ ಕಂಪ್ಯೂಟರಾಯಿತು ಎಂದು ಇದ್ದವಳು. ಆದರೂ ಹೆಸರು ಅಂಟಿಕೊಂಡಿತು, ಮನೆಯವರೆಗೂ ಹಿಂಬಾಲಿಸಿಕೊಂಡು ಬಂತು.

ಕಾರ್ಖಾನೆ ಎಂದರೆ ಹೊಗೆ ಉಗುಳುವ ದೊಡ್ಡ ಕಟ್ಟಡವಲ್ಲ. ಔಷಧಿ ಅಂಗಡಿಯ ಮೇಲಿನ ಒಂದು ಮಹಡಿ. ಮುಂದುಗಡೆ ಹಲ್ಲು ಒಯ್ಯಲು ಬಂದವರು ಕೂರುವ ಹಜಾರ, ಅದರ ಗೋಡೆಯ ಮೇಲೆ ಕೆಂಪು ಅಕ್ಷರ ಓಡುವ ಬೋರ್ಡು. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಕೂತು ಕಿರ್ರೆಂದು ಹಲ್ಲು ಕೊರೆಯುವ ಯಂತ್ರ, ಅದರ ಪಕ್ಕಕ್ಕೆ ಒಂದು ಕಂಪ್ಯೂಟರು. ಬದಿಗೆ ಯಜಮಾನರ ಕೋಣೆ, ಅಲ್ಲೂ ಒಂದು ಕಂಪ್ಯೂಟರು. ಹಿಂದೆ ಪಾಲಿಶ್ ಕೋಣೆ. ಅಲ್ಲಿ ಪಾಲಿಶ್ ಅಕ್ಕ ಬೆಳಗ್ಗೆಯಿಂದ ಸಂಜೆಯವರೆಗೆ ಹಲ್ಲುಜ್ಜುತ್ತಾಳೆ, ತನ್ನದಲ್ಲ, ಊರವರದು.

ಕೆಲಸ ನಡೆಯುವ ಬಗೆ ಹೀಗೆ. ದಂತವೈದ್ಯರು ರೋಗಿಯ ಬಾಯಿಯನ್ನು ಅಳೆದು, ಅಳತೆಯ ಫೈಲನ್ನು ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಹಿಡಿದ ಉಗ್ರಾಣಕ್ಕೆ, ಹಾಕುತ್ತಾರೆ. ಕೋಡಮ್ಮನ ಪ್ರೋಗ್ರಾಂ ಅದನ್ನು ಅಲ್ಲಿಂದ ಇಳಿಸಿ ಯಂತ್ರಕ್ಕೆ ಕೊಡುತ್ತದೆ. ಕ್ಲೌಡಿನ ಆ ಉಗ್ರಾಣ ತೆರೆಯಲು ಒಂದು ಕೀಲಿ ಬೇಕು. ಕೀಲಿಯೆಂದರೆ ಕಬ್ಬಿಣದ್ದಲ್ಲ, ಬೆಕ್ಕು ಕೀಬೋರ್ಡಿನ ಮೇಲೆ ನಡೆದಾಡಿದಂತಿರುವ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು. ಅವಳಿಗಿಂತ ಮೊದಲು ಅಲ್ಲಿದ್ದ ಪುಣ್ಯಾತ್ಮನೊಬ್ಬ ಆ ಸಾಲನ್ನು ಪ್ರೋಗ್ರಾಮಿನ ತಲೆಯಲ್ಲೇ ಬರೆದಿಟ್ಟು ಹೋಗಿದ್ದ. ತೆರೆದು ನೋಡಿದವರಿಗೆ ಮೊದಲು ಕಾಣುವುದೇ ಅದು.

"ಸಾರ್, ಈ ಕೀಲಿ ಇಲ್ಲಿರಬಾರದು" ಎಂದು ಕೋಡಮ್ಮ ಯಜಮಾನರಿಗೆ ಹೇಳಿ ಹೇಳಿ ಸೋತಿದ್ದಳು.

"ಯಾಕಮ್ಮಾ? ನಮ್ಮನೇಲಿ ಬೀಗದ ಕೈ ಕಾಲೊರಸಿನ ಕೆಳಗೇ ಇಡ್ತೀವಿ. ಇವತ್ತಿಗೂ ಒಬ್ಬ ಕಳ್ಳ ಬಂದಿಲ್ಲ."

"ಇದು ಕಾಲೊರಸಿನ ಕೆಳಗೂ ಅಲ್ಲ ಸಾರ್, ಬಾಗಿಲಿಗೇ ದಾರ ಕಟ್ಟಿ ನೇತುಹಾಕಿದ ಹಾಗಿದೆ."

"ಕೆಲಸ ನಡೀತಾ ಇದೆಯಾ?"

"ನಡೀತಾ ಇದೆ."

"ನಡೀತಿರೋದನ್ನ ಮುಟ್ಟಬೇಡ" ಎಂದು ಯಜಮಾನರು ಮಾತು ಮುಗಿಸುತ್ತಿದ್ದರು.

ಯಜಮಾನರಿಗೊಬ್ಬ ಬಾಮೈದ. ಅವನಿಗೆ ಕೊಟ್ಟ ಕೆಲಸ ಪ್ರಚಾರ, ಮಾಡುತ್ತಿದ್ದ ಕೆಲಸ ಕಂಡಕಂಡಲ್ಲಿ ಮೂಗು ತೂರಿಸುವುದು. ಕಾರ್ಖಾನೆಯ ಬಗ್ಗೆ ಒಂದು ವಿಡಿಯೋ ಮಾಡುತ್ತೇನೆಂದು ಅವನು ಬಹಳ ದಿನದಿಂದ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ. ಕೋಡಮ್ಮ ಚಹಾ ಕುಡಿಯಲು ಕೆಳಗಿಳಿದಿದ್ದ ಹೊತ್ತಿನಲ್ಲಿ ಅವಳ ಮೇಜಿಗೂ ಬಂದ. ಪರದೆಯ ಮೇಲೆ ಪ್ರೋಗ್ರಾಂ ತೆರೆದಿತ್ತು. ನೋಡಿದರೆ ಗಹನವಾದದ್ದೇನೋ ನಡೆಯುತ್ತಿರುವಂತೆ ಕಾಣುತ್ತಿತ್ತು. ಕ್ಯಾಮೆರಾವನ್ನು ಅದರ ಮೇಲೆ ನಿಧಾನವಾಗಿ ಆಡಿಸಿದ. ಅಕ್ಷರ ಸಣ್ಣದಾಯಿತು ಎನಿಸಿ ಫಾಂಟನ್ನು ದೊಡ್ಡದು ಮಾಡಿ ಮತ್ತೊಮ್ಮೆ ಆಡಿಸಿದ. ಆಮೇಲೆ ಪಿಟೀಲಿನ ಹಿನ್ನೆಲೆ ಸೇರಿಸಿ ವಿಡಿಯೋವನ್ನು ಲೋಕಕ್ಕೆ ಬಿಟ್ಟ.

ಇತ್ತ ಕೋಡಮ್ಮನ ಮನೆಯಲ್ಲಿ ಮಾವನವರು ಹಲ್ಲಿಗಾಗಿ ಕಾಯುತ್ತಿದ್ದರು. ಅವರು ಫುಟ್‌ಬಾಲ್ ರೆಫರಿಯಾಗಿ ನಿವೃತ್ತರಾದವರು. ಜೀವಮಾನವೆಲ್ಲ ಓಡಿ, ಸೀಟಿ ಊದಿ, ಆಟಗಾರರಿಂದ ಬೈಸಿಕೊಂಡು, ಈಗ ಹಲ್ಲೆಲ್ಲ ಉದುರಿ ಬೋಳು ವಸಡಿನಲ್ಲಿ ಗಂಜಿ ಕುಡಿಯುತ್ತಿದ್ದರು. ಹಳೆಯ ರೆಫರಿಗಳ ಕೂಟವೊಂದರಲ್ಲಿ ಭಾಷಣ ಮಾಡಲು ಅವರಿಗೆ ಕರೆ ಬಂದಿತ್ತು. ಹಲ್ಲಿಲ್ಲದ ಬಾಯಲ್ಲಿ ವೇದಿಕೆ ಹತ್ತುವುದು ಹೇಗೆ ಎಂದು ವೈದ್ಯರ ಹತ್ತಿರ ಹೋಗಿ ಅಳತೆ ಕೊಟ್ಟು ಬಂದಿದ್ದರು. "ನಮ್ಮ ಸೊಸೆಯ ಕಾರ್ಖಾನೆಯಲ್ಲೇ ಆಗೋದು, ಫಸ್ಟ್ ಕ್ಲಾಸ್ ಮಾಲು" ಎಂದು ಬೀದಿಗೆಲ್ಲ ಸಾರಿಯೂ ಬಂದಿದ್ದರು. ಕೋಡಮ್ಮನ ಗಂಡ ಹಡಗಿನಲ್ಲಿ ಅಡುಗೆಯವನು, ಸಮುದ್ರದ ಮೇಲಿದ್ದ. ಅವನಿಗೂ ಹಲ್ಲಿನ ಸುದ್ದಿ ಮುಟ್ಟಿತ್ತು.

ಕೊನೆಗೊಂದು ಸಂಜೆ ಕೋಡಮ್ಮ ಪುಟ್ಟ ಡಬ್ಬಿ ಹಿಡಿದು ಮನೆಗೆ ಬಂದಳು. ಅತ್ತೆ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು. ಮಾವ ಡಬ್ಬಿ ಇಸಿದುಕೊಂಡು, ಇಬ್ಬರಿಗೂ ಬೆನ್ನು ತಿರುಗಿಸಿ ನಿಂತು, ಹಲ್ಲು ತೊಟ್ಟರು. ವಸಡಿಗೆ ಗಪ್ಪೆಂದು ಕೂತಿತು. ಠೀವಿಯಿಂದ ಈ ಕಡೆ ತಿರುಗಿದರು.

"ಹೇಗಿದೆ?"

ಅತ್ತೆಯ ಕೈಯಲ್ಲಿದ್ದ ಬಟಾಣಿ ಉರುಳಿ ನೆಲಕ್ಕೆ ಬಿತ್ತು. ಮಾವನ ಮುಖದಲ್ಲಿ ಮುಖಕ್ಕಿಂತ ಹಲ್ಲೇ ಹೆಚ್ಚಿತ್ತು. ಹಲಗೆಯಂಥ ಉದ್ದನೆಯ ಹಲ್ಲುಗಳು ಸಾಲಾಗಿ ಮುಂದಕ್ಕೆ ಚಾಚಿದ್ದವು, ಒಂದೊಂದೂ ಫಳಫಳ ಹೊಳೆಯುತ್ತಿತ್ತು.

"ಏನ್ರೀ," ಎಂದರು ಅತ್ತೆ ಮೆಲ್ಲಗೆ, "ಒಂದ್ಸಲ ಬಾಯಿ ಮುಚ್ಚಿ ನೋಡೋಣ."

"ವುಚ್ಚೇ ಇದೀನಿ."

ತುಟಿಗೆ ತುಟಿ ತಾಗಿದರೆ ತಾನೇ ಪ, ಬ, ಮ ಹೊರಡುವುದು. ನಡುವೆ ಅಷ್ಟು ದೊಡ್ಡ ಹಲ್ಲಿನ ಬೇಲಿ ಎದ್ದ ಮೇಲೆ ಪಾಪದ ತುಟಿಗಳು ಒಂದನ್ನೊಂದು ನೋಡುವುದೇ ಕಷ್ಟವಾಗಿತ್ತು. ಮಾವನಿಗೆ ಇದರ ಪರಿವೆಯೇ ಇರಲಿಲ್ಲ. ಅತ್ತೆ ಪರೀಕ್ಷೆಗೆಂದು ಕೊಟ್ಟ ಹಸಿ ಗಜ್ಜರಿಯನ್ನು ಒಂದೇ ಕಚ್ಚಿಗೆ ಅರ್ಧ ಮಾಡಿ, ಕಟಕಟನೆ ಅಗಿದು ನುಂಗಿದರು.

"ವಹಳ ಚೆನ್ನಾಗಿದೆ ವಗಳೇ. ಕಲ್ಲು ಕೊಟ್ಟರೂ ಅಗೀತೀನಿ."

ಅತ್ತೆ ಮೊದಲು ಸೆರಗಿನಿಂದ ಬಾಯಿ ಒತ್ತಿ ಹಿಡಿದರು. ಆಮೇಲೆ ಭುಜ ಕುಣಿಯಿತು. ಆಮೇಲೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಬಟಾಣಿಯ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆ ಹೀಗೆ ನಕ್ಕಿದ್ದನ್ನು ಕೋಡಮ್ಮ ಕಂಡಿರಲಿಲ್ಲ. ಬಿಗುವಿನ ಹೆಂಗಸು, ಮುಗುಳ್ನಗೆಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದರು. ಕೋಡಮ್ಮನಿಗೂ ನಗು ಉಕ್ಕಿ ಬರುತ್ತಿತ್ತು, ಆದರೆ ಅವಳು ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದಳು. ಡಬ್ಬಿಯ ಮೇಲೆ ಮಾವನ ಹೆಸರೇ ಇತ್ತು. ಹಲ್ಲು ಮಾತ್ರ ಮನುಷ್ಯರದ್ದಲ್ಲ.

ಮರುದಿನ ಬೆಳಗ್ಗೆ ಅವಳು ಕಾರ್ಖಾನೆಯ ಮೆಟ್ಟಿಲು ಹತ್ತಿದಾಗ ಹಜಾರ ತುಂಬಿಹೋಗಿತ್ತು. ಕೂತವರೆಲ್ಲ ಬಾಯಿಗೆ ಕರವಸ್ತ್ರ ಹಿಡಿದಿದ್ದರು. ಬ್ಯಾಂಕಿನ ಅಧಿಕಾರಿಯೊಬ್ಬರು ಅವಳನ್ನು ಕಂಡು ಎದ್ದುನಿಂತು ಕರವಸ್ತ್ರ ಸರಿಸಿದರು. ಅವರನ್ನು ನೋಡಿ ಉಳಿದವರೂ ಸರಿಸಿದರು. ಹಜಾರವೆಂಬುದು ಲಾಯವಾಯಿತು.

ಕೋಡಮ್ಮ ನೇರವಾಗಿ ಪಾಲಿಶ್ ಕೋಣೆಗೆ ನುಗ್ಗಿದಳು. "ಅಕ್ಕಾ, ಇದನ್ನೆಲ್ಲ ಉಜ್ಜುವಾಗ ನಿಂಗೇನೂ ಅನ್ನಿಸಲಿಲ್ವಾ?"

"ಅನ್ನಿಸ್ತು. ಹೊಸ ಮಾದರಿ ಇರಬೇಕು ಅನ್ನಿಸ್ತು" ಎಂದಳು ಪಾಲಿಶ್ ಅಕ್ಕ. "ಈಗಿನವರು ಏನೇನೋ ಹಾಕ್ಕೋತಾರೆ, ನಾನು ಕೇಳೋಕಾಗುತ್ತಾ? ಹೊಳಪು ನೋಡು, ಹೇಗೆ ಬಂದಿದೆ."

ಕಂಪ್ಯೂಟರಿನ ಮುಂದೆ ಕೂತರೆ ಪ್ರೋಗ್ರಾಂ ಮುಷ್ಕರ ಹೂಡಿತ್ತು, ಉಗ್ರಾಣದ ಬಾಗಿಲು ತೆರೆಯುತ್ತಿಲ್ಲವೆಂದು ಕೆಂಪಕ್ಷರದಲ್ಲಿ ದೂರುತ್ತಿತ್ತು. ಕ್ಲೌಡಿನವರಿಂದ ಒಂದು ಮೇಲ್ ಬಂದು ಬಿದ್ದಿತ್ತು: ನಿಮ್ಮ ಕೀಲಿ ಬಹಿರಂಗವಾಗಿದೆ, ಆದ್ದರಿಂದ ಅದನ್ನು ರದ್ದು ಮಾಡಿದ್ದೇವೆ. ಯಜಮಾನರ ಖಾತೆಯಿಂದ ಒಳಹೊಕ್ಕು ನೋಡಿದಾಗ ವಿಷಯ ತಿಳಿಯಿತು. ಯಾರೋ ಕೆಲಸವಿಲ್ಲದವರು ಆ ಕೀಲಿ ಹಿಡಿದು ಬಂದು, ಎಲ್ಲ ರೋಗಿಗಳ ಹಲ್ಲಿನ ಸಾಲನ್ನು ತೆಗೆದು, ಆ ಜಾಗದಲ್ಲಿ ಒಂದೇ ಒಂದು ಕುದುರೆಯ ದವಡೆಯ ಫೈಲನ್ನು ತುಂಬಿ ಹೋಗಿದ್ದರು. ವಸಡಿನ ಅಳತೆಯನ್ನು ಮುಟ್ಟಿರಲಿಲ್ಲ. ಅದಕ್ಕೇ ಹಲ್ಲು ಎಲ್ಲರ ಬಾಯಿಗೂ ಅಷ್ಟು ಚೆನ್ನಾಗಿ ಕೂತಿದ್ದು. ಕುದುರೆಯ ದವಡೆ ದೊಡ್ಡದಲ್ಲವೇ ಎಂದರೆ, ಹಿಡಿಸದಷ್ಟು ದೊಡ್ಡ ಫೈಲು ಬಂದರೆ ಕುಗ್ಗಿಸಿ ಕೊರೆಯಬೇಕು, ಯಂತ್ರ ಮಾತ್ರ ನಿಲ್ಲಬಾರದು ಎಂದು ಯಜಮಾನರೇ ಹಿಂದೊಮ್ಮೆ ಕಟ್ಟಪ್ಪಣೆ ಮಾಡಿದ್ದರು.

ಕೀಲಿ ಹೊರಗೆ ಹೋದದ್ದು ಹೇಗೆಂದು ತಿಳಿಯಲೂ ಹೊತ್ತು ಹಿಡಿಯಲಿಲ್ಲ. ಬಾಮೈದನ ವಿಡಿಯೋದ ಕೆಳಗೆ ಯಾರೋ ಕುದುರೆಯ ಚಿತ್ರ ಹಾಕಿ ಬರೆದಿದ್ದರು: "ಅಕ್ಷರ ಸ್ಪಷ್ಟವಾಗಿ ಕಾಣಿಸಿತು, ಧನ್ಯವಾದ."

"ನೋಡಿದ್ರಾ ಭಾವ," ಎಂದ ಬಾಮೈದ, "ಜನ ವಿಡಿಯೋನ ಎಷ್ಟು ಗಮನ ಇಟ್ಟು ನೋಡ್ತಾರೆ ಅಂತ."

ಯಜಮಾನರು ಅವನನ್ನು ಸುಟ್ಟುಬಿಡುವಂತೆ ನೋಡಿ, ಕೋಡಮ್ಮನ ಕಡೆ ತಿರುಗಿದರು. "ಆಗಿದ್ದು ಆಗಿಹೋಯ್ತು. ಹೊಸ ಕೀಲಿ ತಗೊಂಡು ಅದೇ ಜಾಗಕ್ಕೆ ಹಾಕು."

"ಹಾಕಲ್ಲ ಸಾರ್."

ಕಾರ್ಖಾನೆಯಲ್ಲಿ ಯಜಮಾನರಿಗೆ ಹಾಗೆ ಎದುರಾಡಿದವರಿರಲಿಲ್ಲ. ಪಾಲಿಶ್ ಅಕ್ಕ ಮೋಟಾರು ನಿಲ್ಲಿಸಿ ಕಿವಿಗೊಟ್ಟಳು.

"ಇನ್ಮೇಲೆ ಕೀಲಿ ಎಲ್ಲೂ ಬರೆದಿಡೋದು ಬೇಡ" ಎಂದಳು ಕೋಡಮ್ಮ. "ಪ್ರೋಗ್ರಾಂ ತಾನೇ ಹೋಗಿ ಕೇಳ್ಕೊಂಡು ಬರುತ್ತೆ. ಈ ಕಂಪ್ಯೂಟರ್‌ಗೆ ಒಂದು ಗುರುತಿನ ಪತ್ರ ಮಾಡಿಸ್ತೀನಿ. ಕೆಲಸ ಶುರು ಮಾಡುವಾಗ ಅದನ್ನ ತೋರಿಸುತ್ತೆ. ಕ್ಲೌಡಿನವರು ನೋಡಿ, ಹೌದು ಇದು ಹಲ್ಲಿನ ಕಾರ್ಖಾನೇದೇ ಅಂತ ಒಂದು ಕೀಲಿ ಕೊಡ್ತಾರೆ. ಒಂದು ಗಂಟೆ ನಡೆಯುತ್ತೆ, ಆಮೇಲೆ ಸತ್ತುಹೋಗುತ್ತೆ. ಮತ್ತೆ ಬೇಕಾದ್ರೆ ಮತ್ತೆ ಕೇಳುತ್ತೆ."

"ಆ ಕೀಲಿ ನಂಗೆ ಯಾವಾಗ ಕೊಡ್ತೀಯ?"

"ನಿಮಗೆ ಕೊಡಲ್ಲ."

"ಮತ್ತೆ ನಿನ್ನ ಹತ್ರ ಇರುತ್ತಾ?"

"ನನಗೂ ಗೊತ್ತಿರಲ್ಲ ಸಾರ್. ಯಾರಿಗೂ ಗೊತ್ತಿರಲ್ಲ. ಅದೇ ಅದರ ಒಳ್ಳೇತನ."

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. "ಅಲ್ಲಮ್ಮಾ, ಕಟ್ಟಡದ ಬಾಡಿಗೆ ನಾನು ಕಟ್ಟೋದು. ಯಂತ್ರ ತಂದಿದ್ದು ನಾನು. ಈಗ ಕೀಲಿ ಆ ಡಬ್ಬಕ್ಕೆ ಮಾತ್ರ ಗೊತ್ತು ಅಂದ್ರೆ, ಇಲ್ಲಿ ಯಜಮಾನ ನಾನಾ, ಅದಾ?"

ಹಜಾರದಲ್ಲಿ ಬ್ಯಾಂಕಿನ ಅಧಿಕಾರಿ ಜೋರಾಗಿ ಕೆಮ್ಮಿದರು. ಆ ಕೆಮ್ಮು ಹಲ್ಲಿನ ಮೂಲಕ ಹಾದು ಬರುವಾಗ ಅಪ್ಪಟ ಕುದುರೆಯ ಫೂತ್ಕಾರವೇ ಆಗಿತ್ತು. ಯಜಮಾನರು ಕಣ್ಣು ಮುಚ್ಚಿಕೊಂಡು, "ಮಾಡು, ಮಾಡು, ಏನು ಬೇಕಾದ್ರೂ ಮಾಡು" ಎಂದುಬಿಟ್ಟರು.

ಕೋಡಮ್ಮ ಅಂದೇ ಕೂತಳು. ಹಳೆಯ ಕೀಲಿಯ ಸಾಲನ್ನು ಅಳಿಸಿದಳು. ಕಂಪ್ಯೂಟರಿಗೆ ಗುರುತಿನ ಪತ್ರ ಮಾಡಿಸಿದಳು. ಹಲ್ಲಿನ ಫೈಲು ಓದುವುದಕ್ಕೆ ಮಾತ್ರ ಅದಕ್ಕೆ ಅಧಿಕಾರ, ಬರೆಯುವುದಕ್ಕಿಲ್ಲ ಎಂದು ಕ್ಲೌಡಿನಲ್ಲಿ ನಿಯಮ ಹಾಕಿದಳು. ಕೀಲಿ ಕೇಳುವ ಕೋಡು ಬರೆದಳು. ಓಡಿಸಿದಳು. ನೀವು ಯಾರೋ ಗೊತ್ತಿಲ್ಲ ಎಂದು ಕ್ಲೌಡು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿತು. ಮತ್ತೆ ಓಡಿಸಿದಳು. ಮತ್ತೆ ಅದೇ ಉತ್ತರ. ಅಲ್ಪವಿರಾಮದಿಂದ ಹಿಡಿದು ಎಲ್ಲ ತಿದ್ದಿ ನೋಡಿದರೂ ಅದರ ಮನಸ್ಸು ಕರಗಲಿಲ್ಲ.

ಕೊನೆಗೆ ಅವಳಿಗೆ ಹೊಳೆಯಿತು. ಪ್ರೋಗ್ರಾಂ ಕೀಲಿ ಹುಡುಕುವುದಕ್ಕೂ ಒಂದು ಕ್ರಮವಿದೆ, ಮಾವ ಕನ್ನಡಕ ಹುಡುಕುವ ಹಾಗೆ. ಮೊದಲು ಜೇಬು, ಆಮೇಲೆ ಟಿವಿಯ ಮೇಲೆ, ಎಲ್ಲೂ ಇಲ್ಲದಿದ್ದರೆ ಕೊನೆಗೆ ಹಣೆಯ ಮೇಲೆ. ಜೇಬಿನಲ್ಲಿ ಯಾವುದೋ ಹಳೇ ಕನ್ನಡಕ ಸಿಕ್ಕಿತೋ, ಅದನ್ನೇ ಏರಿಸಿಕೊಂಡು ಏನೂ ಕಾಣುವುದಿಲ್ಲವೆಂದು ಕೂಗಾಡುವುದು. ಪ್ರೋಗ್ರಾಮೂ ಹಾಗೇ, ಗುರುತಿನ ಪತ್ರದ ತನಕ ಹೋಗುವ ಮೊದಲೇ ಎಲ್ಲೋ ಸತ್ತ ಕೀಲಿಯೊಂದನ್ನು ಹೆಕ್ಕಿ ಕ್ಲೌಡಿನವರ ಮುಂದೆ ಹಿಡಿಯುತ್ತಿದೆ.

ಹುಡುಕಿದಳು. ಕಂಪ್ಯೂಟರಿನ ಒಂದು ಮೂಲೆಯ ಫೈಲಿನಲ್ಲಿ ಹಳೇ ಕೀಲಿ ಹಾಯಾಗಿ ಮಲಗಿತ್ತು. ಅಳಿಸಿದಳು. ಓಡಿಸಿದಳು. ಕ್ಲೌಡು ಬಾಗಿಲು ತೆರೆಯಿತು. ಅವಳು ಸಮಾಧಾನದಿಂದ ಊಟಕ್ಕೆ ಹೋಗಿ ಬಂದರೆ ಬಾಗಿಲು ಪುನಃ ಬಂದ್. ಅಳಿಸಿದ ಫೈಲು ಅದೇ ಮೂಲೆಯಲ್ಲಿ ಮತ್ತೆ ಮಲಗಿತ್ತು.

"ಅದಾ? ನಾನೇ ವಾಪಸ್ ಹಾಕ್ದೆ" ಎಂದ ಬಾಮೈದ ಹಲ್ಲು ಕಿರಿಯುತ್ತ. "ಎಂಥದೋ ಬೇಕಾದ ಫೈಲ್ ಅಳಿಸಿಹೋಗಿತ್ತು. ಇರಲಿ ಅಂತ ಮೊದಲೇ ನನ್ನ ಹತ್ರ ಒಂದು ಕಾಪಿ ಇಟ್ಟಿದ್ದೆ."

"ನಿಮ್ಮ ಹತ್ರ ಇನ್ನೂ ಎಷ್ಟು ಕಡೆ ಇದೆ?"

"ಫೋನಲ್ಲಿದೆ. ಇ-ಮೇಲಲ್ಲಿದೆ. ನಮ್ಮಕ್ಕಂಗೂ ಒಂದು ಕಳಿಸಿದೀನಿ, ಜೋಪಾನವಾಗಿರಲಿ ಅಂತ."

ಕೋಡಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಳು. ಸತ್ತ ಕೀಲಿ ಎಷ್ಟು ಜನರ ಹತ್ತಿರವಿದ್ದರೇನು ಎಂದು ತನಗೆ ತಾನೇ ಹೇಳಿಕೊಂಡು, ಈ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿ, ಬಾಮೈದನಿಗೆ ಅದರೊಳಗೆ ಪ್ರವೇಶವೇ ಇಲ್ಲದಂತೆ ಮಾಡಿದಳು. ಪ್ರೋಗ್ರಾಂ ಓಡಿತು. ಕೀಲಿ ಕೇಳಿತು, ಕೀಲಿ ಬಂತು, ಉಗ್ರಾಣ ತೆರೆಯಿತು. ವೈದ್ಯರಿಗೆ ಫೋನು ಮಾಡಿ ಅಳತೆಗಳನ್ನೆಲ್ಲ ಮತ್ತೊಮ್ಮೆ ಹಾಕಿಸಿದ್ದಾಗಿತ್ತು. ಯಂತ್ರ ಕಿರ್ರೆಂದು ಮನುಷ್ಯರ ಹಲ್ಲು ಕೊರೆಯತೊಡಗಿತು.

ಯಜಮಾನರಿಗೆ ಮಾತ್ರ ಜೀವ ತಡೆಯಲಿಲ್ಲ. ಗಳಿಗೆಗೊಮ್ಮೆ ಬಂದು ಇಣುಕುವರು. "ಬಂತಾ? ಕೀಲಿ ಬಂತಾ?"

"ಬಂತು ಸಾರ್."

"ಎಲ್ಲಿ, ನಂಗೇನೂ ಕಾಣಿಸಲಿಲ್ಲ."

ಅವರ ಕಾಟ ತಾಳಲಾರದೆ, ಕೀಲಿ ಸಿಕ್ಕಾಗಲೆಲ್ಲ ಹಜಾರದ ಬೋರ್ಡಿನ ಮೇಲೆ 'ಕೀಲಿ ಬಂತು' ಎಂದು ತೋರಿಸುವ ಒಂದು ಸಾಲನ್ನು ಅವಳು ಸೇರಿಸಿದಳು. ಆತುರದಲ್ಲಿ, ತನ್ನ ಪರೀಕ್ಷೆಗೆಂದು ಅದರ ಮುಂದೆ ಬರೆದುಕೊಂಡಿದ್ದ ತುಂಡೊಂದನ್ನು ತೆಗೆಯುವುದು ಮರೆತಳು. ಮಧ್ಯಾಹ್ನ, ಹಜಾರ ತುಂಬಿ ತುಳುಕುತ್ತಿದ್ದಾಗ, ಗೋಡೆಯ ಮೇಲೆ ಕೆಂಪಕ್ಷರ ಓಡಿತು: ಕೀಲಿ ಬಂತು. ಅದರ ಬೆನ್ನಿಗೆ ಕೀಲಿಯೂ ಬಂತು, ಪೂರ್ತಿಯಾಗಿ, ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಅಕ್ಷರ.

ಹಲ್ಲಿಗಾಗಿ ಕಾದು ಬೇಸತ್ತಿದ್ದ ಬ್ಯಾಂಕಿನ ಅಧಿಕಾರಿ ಅದನ್ನು ಗಟ್ಟಿಯಾಗಿ ಓದತೊಡಗಿದರು. ಬಿ ಎಂಬಲ್ಲಿ ಅವರ ಬಾಯಲ್ಲಿ ವಿ ಬಂತು, ಪಿ ಎಂಬಲ್ಲೂ ವಿ ಬಂತು. "ವಿ, ಏಳು, ವಿ, ವಿ, ಎವ್..." ಬಾಮೈದ ಓಡಿ ಬಂದು ಪಕ್ಕದಲ್ಲಿ ನಿಂತು, ಇರಲಿ ಎಂದು, ಅವರು ಹೇಳಿದ್ದನ್ನೆಲ್ಲ ಅಂಗೈ ಮೇಲೆ ಬರೆದುಕೊಂಡ. ಯಜಮಾನರು ಕುರ್ಚಿ ಹತ್ತಿ, ಕೋಟು ಬಿಚ್ಚಿ, ಎರಡೂ ಕೈ ಅಗಲಿಸಿ ಬೋರ್ಡಿಗೆ ಅಡ್ಡ ನಿಂತರು. ಅಕ್ಷರಗಳು ಅವರ ಬಲಗಂಕುಳಿನಿಂದ ಹೊರಬಂದು ಓಡುತ್ತಿದ್ದವು. ಅಲ್ಲಿ ಮುಚ್ಚಿದರೆ ಇಲ್ಲಿ, ಇಲ್ಲಿ ಮುಚ್ಚಿದರೆ ಅಲ್ಲಿ.

ಕೋಡಮ್ಮ ಪ್ಲಗ್ ಕಿತ್ತು ಬೋರ್ಡನ್ನು ಆರಿಸಿದಳು. ಆ ತುಂಡು ಕೋಡನ್ನು ತೆಗೆದಳು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು.

"ತಪ್ಪಾಯ್ತು ಸಾರ್. ಆದ್ರೆ ಭಯ ಬೇಡ, ಒಂದು ಗಂಟೆ ಕಳೆದ್ರೆ ಅದು ಸತ್ತುಹೋಗುತ್ತೆ. ಈ ಗಂಟೇಲೂ ಅದನ್ನ ಹಿಡ್ಕೊಂಡು ಫೈಲ್ ಓದಬಹುದೇ ಹೊರತು ಏನೂ ಬದಲಾಯಿಸೋಕಾಗಲ್ಲ. ಅಲ್ಲೀತನಕ ನಾನು ಯಾರು ಬರ್ತಾರೆ ಹೋಗ್ತಾರೆ ಅಂತ ಕಾಯ್ತಾ ಕೂತಿರ್ತೀನಿ."

ಯಜಮಾನರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕೋಡಮ್ಮ ಕಣ್ಣು ಕೀಳದೆ ಪರದೆ ನೋಡುತ್ತ ಕೂತಳು. ಹೊರಗಿನವರ ಸುಳಿವೇ ಇರಲಿಲ್ಲ. ಗಂಟೆ ಕಳೆದು, ಚಹಾ ಮುಗಿದು, ಎಷ್ಟೋ ಹೊತ್ತಾದ ಮೇಲೆ ಯಜಮಾನರು ಹೊರಬಂದು ಅವಳ ಮೇಜಿನ ಪಕ್ಕ ನಿಂತರು. ಕೈಯಲ್ಲಿ ಫೋನಿತ್ತು.

"ಅಮ್ಮಾ, ಒಂದು ಮಾತು. ಬೋರ್ಡ್ ಮುಚ್ಚೋಕೆ ಮುಂಚೆ ನಾನೊಂದು ಫೋಟೋ ಹೊಡ್ಕೊಂಡಿದ್ದೆ. ನನ್ನದೇ ಕೀಲಿ ಅಲ್ವಾ, ಒಂದ್ಸಲ ನೋಡೋಣ ಅಂತ ಈಗ ಹಾಕ್ದೆ. ಒಳಗೆ ಬಿಡ್ತಿಲ್ಲ."

"ಅವಧಿ ಮುಗೀತಲ್ಲ ಸಾರ್."

"ನಾನು ಯಜಮಾನ ಅಂತಾನೂ ಹೇಳ್ದೆ."

"ಯಾರಿಗೆ ಹೇಳಿದ್ರಿ?"

"ಕಂಪ್ಯೂಟರ್‌ಗೆ. ಕೋಣೆಲಿ ಬೇರೆ ಯಾರೂ ಇರಲಿಲ್ಲ." ಅವರು ಗಲ್ಲ ಕೆರೆದುಕೊಂಡರು. "ಅಂದ್ರೆ, ನನ್ನನ್ನೇ ಒಳಗೆ ಬಿಡಲಿಲ್ಲ ಅಂದ್ಮೇಲೆ, ಆ ಕುದುರೆಯವನನ್ನ ಬಿಡೋ ಮಾತೇ ಇಲ್ಲ."

"ಇಲ್ಲ ಸಾರ್."

ಯಜಮಾನರ ಮುಖ ಅರಳಿತು. ಆವತ್ತಿನಿಂದ ಅವರ ಧಾಟಿಯೇ ಬದಲಾಯಿತು. ಬಂದವರಿಗೆಲ್ಲ ಯಂತ್ರ ತೋರಿಸಿ, ಎದೆ ಉಬ್ಬಿಸಿ, "ನಮ್ಮ ಕೀಲಿ ನಮಗೇ ಗೊತ್ತಿಲ್ಲ, ಅಷ್ಟು ಭದ್ರ" ಎನ್ನತೊಡಗಿದರು. ಬಂದವರು ಪಾಪ, ಹೌದಾ ಎಂದು ಕನಿಕರದಿಂದ ತಲೆಯಾಡಿಸುತ್ತಿದ್ದರು.

ಸರಿಯಾದ ಹಲ್ಲುಗಳು ಒಂದೊಂದಾಗಿ ಸಿದ್ಧವಾಗಿ, ಕುದುರೆಹಲ್ಲುಗಳೆಲ್ಲ ವಾಪಸಾದವು, ಮಾವನದ್ದೊಂದನ್ನು ಬಿಟ್ಟು. ಅವರು ಹೊಸದನ್ನು ಇಸಿದುಕೊಂಡರು, ಹಳೆಯದನ್ನು ಕೊಡಲೊಪ್ಪಲಿಲ್ಲ. ಕೂಟಕ್ಕೆ ಮಾತ್ರ ಹೊಸ ಹಲ್ಲು ತೊಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು.

ಸಂಜೆ ತಿರುಗಿ ಬಂದಾಗ ಮುಖ ಸಪ್ಪಗಿತ್ತು. ಚಪ್ಪಲಿ ಬಿಡುತ್ತಲೇ ಕುರ್ಚಿಯಲ್ಲಿ ಕುಸಿದರು.

"ಭಾಷಣ ಹೇಗಾಯ್ತು ಮಾವ?" ಎಂದು ಕೇಳಿದಳು ಕೋಡಮ್ಮ.

"ಒಂದಕ್ಷರ ತಪ್ಪಲಿಲ್ಲ ಮಗಳೇ. ಪ ಅಂದ್ರೆ ಪ, ಮ ಅಂದ್ರೆ ಮ. ಮುಂದಿನ ಸಾಲಿನವರು ನಿದ್ದೆ ಹೋದ್ರು. ಹಿಂದಿನವರು ತಿಂಡಿಗೆ ಎದ್ದು ಹೋದ್ರು. ಪೆನಾಲ್ಟಿ ಕೊಟ್ಟ ನನ್ನನ್ನ ಊರವರು ಅಟ್ಟಿಸಿಕೊಂಡು ಬಂದ ಕಥೆ ಹೇಳಿದೆ, ಒಬ್ಬರೂ ನಗಲಿಲ್ಲ."

ಅತ್ತೆ ಎದ್ದು ಒಳಗೆ ಹೋದರು. ಹೊರಬಂದಾಗ ಅವರ ಕೈಯಲ್ಲಿ ಆ ಡಬ್ಬಿಯಿತ್ತು. ಗಂಡನ ಮುಂದೆ ಅದನ್ನು ಇಟ್ಟು, ಎದುರಿನ ಕುರ್ಚಿಯಲ್ಲಿ ಸೀರೆ ಸರಿಮಾಡಿಕೊಂಡು ಕೂತರು.

"ಹಾಕ್ಕೊಂಡು ಮೊದಲಿಂದ ಹೇಳಿ. ನಾನು ಕೇಳ್ತೀನಿ."

"ಈಗಲಾ?"

"ಈಗಲೇ."

ಮಾವ ಹಲ್ಲು ಬದಲಿಸಿ, ಎದ್ದು ನಿಂತು, ಅಂಗಿಯ ಕಾಲರು ಸರಿಮಾಡಿಕೊಂಡರು. "ವಾನ್ಯರೇ," ಎಂದು ಶುರುಮಾಡಿದರು, "ವೆನಾಲ್ಟಿ ಅಂದ್ರೇನು?"

ಅತ್ತೆ ಅಷ್ಟಕ್ಕೇ ಕುರ್ಚಿಯ ಕೈ ಹಿಡಿದುಕೊಂಡರು. ಊರವರು ಅಟ್ಟಿಸಿಕೊಂಡು ಬರುವ ಹೊತ್ತಿಗೆ ಕೋಡಮ್ಮನೂ ನೆಲದ ಮೇಲಿದ್ದಳು. ಗದ್ದಲ ಏನೆಂದು ನೋಡಲು ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಮಾವ ಭಾಷಣ ನಿಲ್ಲಿಸದೆ, ಬನ್ನಿ ಎಂದು ಕೈಸನ್ನೆ ಮಾಡಿದರು. ಅವರೂ ಒಳಗೆ ಬಂದು, ಸಿಕ್ಕ ಕುರ್ಚಿ ಎಳೆದುಕೊಂಡು ಕೂತರು.